ನೆಲಮಾಳಿಗೆಯ ಉಪ್ಪು

ನನ್ನ ಅಕ್ಕನ ಮಗ ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದಾನೆ. ಅಲ್ಲಿಗೆ ಹೋಗಿ 15 ವರ್ಷವಾಯಿತು. ಕೆಲಸ, ಮನೆ, ಮಕ್ಕಳು ಎಲ್ಲ ಅಲ್ಲೇ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ವಿಡಿಯೊ ಕರೆ ಮಾಡಿದ. ಅದೂ ಇದೂ ಮಾತಾದ ಮೇಲೆ ದನಿ ತಗ್ಗಿಸಿ, "ಮಾವ, ಒಂದು ತೋರಿಸ್ತೀನಿ, ಅಮ್ಮನಿಗೆ ಹೇಳಬೇಡಿ" ಎಂದ. ಫೋನು ಹಿಡಿದುಕೊಂಡೇ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಿ ದೀಪ ಹಾಕಿದ. ಗೋಡೆಯುದ್ದಕ್ಕೂ ಕಬ್ಬಿಣದ ಹಲಗೆಗಳ ಕಪಾಟು. ಮೇಲಿನ ಸಾಲಿನಲ್ಲಿ ಬೆಂಕಿಪೊಟ್ಟಣ, ಮೇಣದ ಬತ್ತಿ, ಸೂಜಿ ದಾರ. ನಡುವೆ ಕಾಫಿಪುಡಿ ಡಬ್ಬಗಳು, ಸೋಪು. ಕೆಳಗೆ ಉಪ್ಪಿನ ಚೀಲಗಳು, ಎಣಿಸಿದೆ, 20. ಮೂಲೆಯಲ್ಲಿ ಗೇಣುದ್ದವೂ ಇಲ್ಲದ ವಿಸ್ಕಿ ಸೀಸೆಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಅವುಗಳ ಹಿಂದೆ ಸಿಗರೇಟಿನ ಕಟ್ಟುಗಳು.

ನಮ್ಮ ಹುಡುಗ ವಿಸ್ಕಿ ಮುಟ್ಟುವವನಲ್ಲ. ಸಿಗರೇಟಿನ ಹೊಗೆ ಮೂಗಿಗೆ ಬಡಿದರೆ ಎದ್ದುಹೋಗಿ ಕಿಟಕಿ ತೆಗೆಯುವವನು.

"ಇದೇನೋ, ಅಂಗಡಿ ಇಡ್ತೀಯಾ?" ಎಂದೆ.

"ಇಲ್ಲ ಮಾವ. ಒಂದಿನ ಎಲ್ಲಾ ಕುಸಿದುಬಿತ್ತು ಅಂತಿಟ್ಕೊಳ್ಳಿ. ಕರೆಂಟಿಲ್ಲ, ಬ್ಯಾಂಕಿಲ್ಲ, ಡಾಲರನ್ನ ಯಾರೂ ಮೂಸಿ ನೋಡಲ್ಲ. ಆಗ ಇವನ್ನ ಕೊಟ್ಟು ನಮಗೆ ಬೇಕಾದ್ದು ತಗೋಬಹುದು."

ಆಗ ನಕ್ಕುಬಿಟ್ಟೆ. ಆಮೇಲೆ ನಗು ಹೋಗಿ ಆ ಕಪಾಟೊಂದೇ ತಲೆಯಲ್ಲಿ ಉಳಿಯಿತು.

ಹೀಗೆ ಮುಂದಿನ ಕೇಡಿಗೆ ಇಂದೇ ಸಿದ್ಧವಾಗುವವರಿಗೆ ಅಮೆರಿಕದಲ್ಲಿ 'ಪ್ರೆಪ್ಪರ್' ಎಂಬ ಹೆಸರೇ ಇದೆ. ಅವರಿಗೆಂದೇ ಅಂಗಡಿಗಳಿವೆ, ಪುಸ್ತಕಗಳಿವೆ. ಮಾರ್ಮನ್ ಪಂಥದವರಿಗಂತೂ ಮನೆಯಲ್ಲಿ ದವಸ ಕೂಡಿಡುವುದು ಧರ್ಮದ ಹಿರಿಯರೇ ಹೇಳಿಕೊಟ್ಟ ಪಾಠ. ಸರ್ಕಾರಗಳೂ ಹಿಂದೆ ಬಿದ್ದಿಲ್ಲ. ಸ್ವೀಡನ್ ಸರ್ಕಾರ 2018ರಲ್ಲಿ, ಬಿಕ್ಕಟ್ಟೋ ಯುದ್ಧವೋ ಬಂದರೆ ಏನು ಮಾಡಬೇಕು ಎಂಬ ಪುಸ್ತಿಕೆಯನ್ನು ಸುಮಾರು 48 ಲಕ್ಷ ಮನೆಗಳಿಗೆ ಹಂಚಿತು. 2024ರಲ್ಲಿ ಅದನ್ನೇ ತಿದ್ದಿ ಮತ್ತೆ ಹಂಚಿತು. ನೀರು, ಬೇಗ ಕೆಡದ ಆಹಾರ, ಬೆಚ್ಚನೆ ಬಟ್ಟೆ, ಬ್ಯಾಟರಿಯಿಂದ ನಡೆಯುವ ರೇಡಿಯೊ ಮನೆಯಲ್ಲಿರಲಿ. ಕೈಯಲ್ಲಿ ಒಂದಿಷ್ಟು ನೋಟೂ ಇರಲಿ ಎನ್ನುತ್ತದೆ ಆ ಪುಸ್ತಿಕೆ. ಬದಲಿಗೆ ಕೊಡಲು ವಿಸ್ಕಿ ಕೂಡಿಡಿ ಎಂದು ಹೇಳುವುದಿಲ್ಲ.

ತಿನ್ನಲು ಕೂಡಿಡುವುದು ಬೇರೆ, ಮಾರಲು ಕೂಡಿಡುವುದು ಬೇರೆ. ಮೊದಲನೆಯದಕ್ಕೆ ನನ್ನ ತಕರಾರೇನೂ ಇಲ್ಲ. ನಾನು ಹುಟ್ಟಿದ್ದೇ ಹಗೇವಿನ ಮೇಲೆ ಓಡಾಡಿಕೊಂಡಿದ್ದವರ ಮನೆಯಲ್ಲಿ.

ಹಗೇವು ಗೊತ್ತಿಲ್ಲದ ಕಿರಿಯರಿಗಾಗಿ ಹೇಳುತ್ತೇನೆ. ನೆಲದೊಳಗೆ ಗುಡಾಣದ ಆಕಾರಕ್ಕೆ ತೋಡಿದ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ಅಗಲ. ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಮುಟ್ಟುತ್ತಿರಲಿಲ್ಲ. ನಾನು ಏಳೆಂಟು ವರ್ಷದವನಿದ್ದಾಗ ತಾತ ಒಮ್ಮೆ ತೆಗೆಸಿದರು. ಚಪ್ಪಡಿ ಸರಿಸಿದ ತಕ್ಷಣ ನಾವು ಮಕ್ಕಳು ಬಗ್ಗಿ ನೋಡಲು ಓಡಿದೆವು. ಅಜ್ಜಿ ನನ್ನ ಚಡ್ಡಿ ಹಿಡಿದು ಹಿಂದಕ್ಕೆಳೆದರು. ತಾತ ಹಗ್ಗಕ್ಕೆ ಹಣತೆ ಕಟ್ಟಿ ನಿಧಾನ ಇಳಿಬಿಟ್ಟರು. ಮೊಳದುದ್ದ ಇಳಿದಿತ್ತೋ ಇಲ್ಲವೋ, ದೀಪ ಪಕ್ಕನೆ ಆರಿತು. ಯಾರೂ ಮಾತಾಡಲಿಲ್ಲ. ಮಧ್ಯಾಹ್ನದವರೆಗೆ ಬಾಯಿ ತೆರೆದಿಟ್ಟು, ಮತ್ತೆ ದೀಪ ಬಿಟ್ಟು, ಅದು ತಳದವರೆಗೂ ಉರಿದ ಮೇಲೇ ಆಳು ಒಳಗಿಳಿದದ್ದು. ಉಸಿರು ಕಟ್ಟಿಸುವ ಗಾಳಿ ಅಲ್ಲಿ ತುಂಬಿರುತ್ತದೆಂದು ಆಮೇಲೆ ತಿಳಿಯಿತು. ಆ ಹಗೇವಿನಲ್ಲಿ ಇದ್ದದ್ದು ರಾಗಿ. ಏಕೆಂದರೆ ಆ ಮನೆಯವರು ಉಣ್ಣುತ್ತಿದ್ದದ್ದು ಮುದ್ದೆ. ತಾವು ಉಣ್ಣದ್ದನ್ನು, ಯಾರೋ ಒಂದು ದಿನ ಕೇಳಿಯಾರು ಎಂದು ನೆಲದಲ್ಲಿ ಹೂತಿಟ್ಟವರನ್ನು ನಾನು ಕಂಡಿಲ್ಲ.

ಹಾಗಾದರೆ ನಮ್ಮ ಹುಡುಗನ ಲೆಕ್ಕ ಪೂರಾ ತಪ್ಪೇ? ಹಾಗೆ ಹೇಳಿದರೆ ಅವನು ಒಂದು ಹೆಸರು ನನ್ನ ಮುಖಕ್ಕೆ ಹಿಡಿಯುತ್ತಾನೆ. ಹಿಡಿದೂ ಹಿಡಿದ. ಆರ್. ಎ. ರ‍್ಯಾಡ್‌ಫರ್ಡ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರದ ಹುಡುಗ ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕು, ಮೊದಲು ಇಟಲಿಯಲ್ಲಿ, ಆಮೇಲೆ ಜರ್ಮನಿಯಲ್ಲಿ ಯುದ್ಧಕೈದಿಗಳ ಶಿಬಿರದಲ್ಲಿದ್ದ. ಬಿಡುಗಡೆಯಾಗಿ ಬಂದು 1945ರ ನವೆಂಬರಿನಲ್ಲಿ 'ಇಕನಾಮಿಕಾ' ಪತ್ರಿಕೆಯಲ್ಲಿ ಶಿಬಿರದ ಸಂತೆಯ ಬಗ್ಗೆ ಬರೆದ. ರೆಡ್‌ಕ್ರಾಸಿನವರು ಎಲ್ಲ ಕೈದಿಗಳಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಪೊಟ್ಟಣ ಕೊಡುತ್ತಿದ್ದರು: ಹಾಲಿನ ಡಬ್ಬ, ಜಾಮ್, ಬೆಣ್ಣೆ, ಬಿಸ್ಕತ್ತು, ಮಾಂಸ, ಚಾಕಲೇಟು, ಸಕ್ಕರೆ, ಸಿಗರೇಟು. ಬಂದ ಕೆಲವೇ ದಿನಗಳಲ್ಲಿ ಕೊಡುಕೊಳೆ ಶುರುವಾಗಿ, ಸಿಗರೇಟೇ ನಾಣ್ಯವಾಯಿತು. ಬೀಡಿ ಸಿಗರೇಟು ಸೇದದವರೂ ಸಿಗರೇಟಿನಲ್ಲೇ ಬೆಲೆ ಹೇಳುತ್ತಿದ್ದರು. ಬೇಸಿಗೆ ಬಂದರೆ ಕೋಕೋ ಬೆಲೆ ಇಳಿದು ಸೋಪಿನ ಬೆಲೆ ಏರುತ್ತಿತ್ತು. ಹತ್ತಿರದಲ್ಲಿ ಬಾಂಬು ಬಿದ್ದ ರಾತ್ರಿಗಳಲ್ಲಿ ಎಲ್ಲರೂ ದಿಗಿಲಿಗೆ ಸೇದಿಬಿಡುತ್ತಿದ್ದುದರಿಂದ ನಾಣ್ಯವೇ ಹೊಗೆಯಾಗಿ ಹೋಗುತ್ತಿತ್ತು! ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಕ್ಯಾರೆಟ್ಟಿನ ಸುದ್ದಿ. ಹೆಚ್ಚಿದ ಕ್ಯಾರೆಟ್ಟಿನ ಡಬ್ಬಕ್ಕೆ ಆ ಹಸಿದವರ ಶಿಬಿರದಲ್ಲೂ ಕವಡೆ ಕಿಮ್ಮತ್ತಿರಲಿಲ್ಲವಂತೆ.

"ನೋಡಿ ಮಾವ, ಸಿಗರೇಟು! ನಾನೂ ಅದನ್ನೇ ಇಟ್ಟಿರೋದು" ಎನ್ನುತ್ತಾನೆ ನಮ್ಮವನು.

ಆದರೆ ಆ ಬರಹವನ್ನು ಇನ್ನೊಮ್ಮೆ ಓದಿದರೆ, ದುಡ್ಡು ಮಾಡಿಕೊಂಡವರು ಯಾರು ಎಂಬುದರ ಮೇಲೆ ಕಣ್ಣು ನಿಲ್ಲುತ್ತದೆ. ಒಬ್ಬ ಪಾದ್ರಿ ಒಂದು ಡಬ್ಬ ಚೀಸು, ಐದು ಸಿಗರೇಟು ಹಿಡಿದು ಶಿಬಿರ ಸುತ್ತಲು ಹೊರಟ. ತಿರುಗಿ ಬಂದಾಗ ಆ ಚೀಸೂ ಆ ಸಿಗರೇಟೂ ಕೈಯಲ್ಲೇ ಇದ್ದು, ಜೊತೆಗೆ ಒಂದು ಇಡೀ ಪೊಟ್ಟಣ ಬಂದಿತ್ತು. ಇನ್ನೊಬ್ಬನಿಗೆ ಉರ್ದು ಬರುತ್ತಿತ್ತು. ಅವನು ಸಿಖ್ ಕೈದಿಗಳ ಬಳಿ ಹೋಗಿ, ಅವರಿಗೆ ಬೇಡವಾದ ಮಾಂಸವನ್ನು ಕೊಂಡು, ಬದಲಿಗೆ ಬೆಣ್ಣೆ, ಜಾಮ್ ಕೊಟ್ಟು ಬರುತ್ತಿದ್ದ. ಟೀ ಕುಡಿಯುವ ಇಂಗ್ಲಿಷರ ನಡುವೆ ಕಾಫಿಗೆ ಬೆಲೆ ಕಡಿಮೆ. ಅದನ್ನು ಹೇಗೋ ಫ್ರೆಂಚರ ಬಿಡಾರಕ್ಕೆ ದಾಟಿಸಿದವನಿಗೆ ಬಿಸ್ಕತ್ತು, ಸಿಗರೇಟು ಕೈತುಂಬ. ಇವರಲ್ಲಿ ಒಬ್ಬನೂ ಕೂಡಿಟ್ಟು ಬಂದವನಲ್ಲ. ಎಲ್ಲರ ಪೊಟ್ಟಣದಲ್ಲಿದ್ದದ್ದೇ ಇವರದರಲ್ಲೂ. ಯಾರಿಗೆ ಏನು ಬೇಡ, ಅದು ಯಾರಿಗೆ ಬೇಕು ಎಂಬುದಷ್ಟು ಇವರಿಗೆ ಗೊತ್ತಿತ್ತು.

ಈ ಮಾತು ನಮಗೆ ಹೊಸದೂ ಅಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಇಂದಿಗೂ ಉಪ್ಪಿನ ಆಗರಗಳಿವೆ. ಹಿಂದೆ ಕರಾವಳಿಯ ಉಪ್ಪು ಹೇರೆತ್ತಿನ ಮೇಲೆ ಘಟ್ಟ ಹತ್ತುತ್ತಿತ್ತು, ಮೇಲಿನ ದವಸ ಕೆಳಗಿಳಿಯುತ್ತಿತ್ತು. ಸಮುದ್ರದ ದಡದಲ್ಲಿ ಉಪ್ಪನ್ನು ರಾಶಿ ಹಾಕಿಕೊಂಡು ಕೂತವನು ಅದರಿಂದ ಸಾಹುಕಾರನಾಗಲಿಲ್ಲ. ಉಪ್ಪಿನ ಬೆಲೆ ಹುಟ್ಟುತ್ತಿದ್ದದ್ದು ನಡುವಿನ ಘಟ್ಟದಲ್ಲಿ. ಎತ್ತು ಇದ್ದವನು, ದಾರಿ ತಿಳಿದವನು, ಮೇಲಿನ ಸಂತೆಯಲ್ಲಿ ಮುಖಪರಿಚಯ ಇದ್ದವನು ಬದುಕಿಕೊಂಡ. ಲಂಬಾಣಿಗಳು ಸಾವಿರಾರು ಎತ್ತು ಕಟ್ಟಿಕೊಂಡು ಉಪ್ಪು, ಕಾಳು ಸಾಗಿಸಿದ್ದೂ ಹೀಗೆಯೇ. ನಮ್ಮ ಹುಡುಗನ 20 ಚೀಲ ಉಪ್ಪಿಗೆ ಘಟ್ಟ ಎಲ್ಲಿದೆ? ಅವನ ಬೀದಿಯ ಮೂರನೇ ಮನೆಯವನೂ ಅದೇ ಪಟ್ಟಿ ಓದಿ ಅದೇ ಉಪ್ಪು ತಂದಿಟ್ಟಿದ್ದರೆ?

ಎಲ್ಲರ ಕೈಯಲ್ಲೂ ಒಂದೇ ಸರಕು ಇದ್ದರೆ ಏನಾಗುತ್ತದೆಂದು ಅರ್ಜೆಂಟೀನಾದಲ್ಲಿ ಕಂಡಿದ್ದಾರೆ. 1995ರ ಮೇ 1ರಂದು ಬ್ವೇನಸ್ ಐರಿಸ್ ಪಕ್ಕದ ಬೆರ್ನಾಲ್‌ನಲ್ಲಿ ಸುಮಾರು ಇಪ್ಪತ್ತು ನೆರೆಹೊರೆಯವರು ಸೇರಿ ಒಂದು ಅದಲುಬದಲು ಕೂಟ ಕಟ್ಟಿದರು. ಒಬ್ಬರು ರೊಟ್ಟಿ ಬೇಯಿಸಿ ತಂದರೆ ಇನ್ನೊಬ್ಬರು ಕ್ಷೌರ ಮಾಡುವುದು, ಮತ್ತೊಬ್ಬರು ಬಟ್ಟೆ ಹೊಲಿಯುವುದು, ಲೆಕ್ಕಕ್ಕೆ 'ಕ್ರೆದಿತೊ' ಎಂಬ ಚೀಟಿ. ಚೆನ್ನಾಗಿಯೇ ನಡೆಯಿತು. 2001ರ ಡಿಸೆಂಬರಿನಲ್ಲಿ ಸರ್ಕಾರ ಬ್ಯಾಂಕುಗಳ ಬಾಗಿಲು ಅರೆ ಮುಚ್ಚಿ, ವಾರಕ್ಕೆ 250 ಪೆಸೊಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಊರಿಗೆ ಊರೇ ಈ ಕೂಟಗಳಿಗೆ ನುಗ್ಗಿತು. 2002ರಲ್ಲಿ ಸುಮಾರು 25 ಲಕ್ಷ ಜನ ಇದರಲ್ಲಿದ್ದರೆಂದು ಅಂದಾಜು. ನಮ್ಮ ಹುಡುಗ ಕನಸು ಕಾಣುತ್ತಿರುವ ಸಂತೆ ಅಕ್ಷರಶಃ ಇದೇ ತಾನೇ? ಅಲ್ಲಿ ಆದದ್ದೇನೆಂದರೆ, ಮೇಜಿನ ಮೇಲೆ ಹಳೇ ಬಟ್ಟೆ ರಾಶಿ, ಮನೆಯಲ್ಲಿ ಮಾಡಿದ ಕೇಕು, ಕರಿದ ತಿಂಡಿ ರಾಶಿ. ಆ ಕೇಕಿಗೆ ಬೇಕಾದ ಹಿಟ್ಟು, ಎಣ್ಣೆ, ಸಕ್ಕರೆ ಮಾತ್ರ ಇಲ್ಲ. ಅವು ಬರುತ್ತಿದ್ದದ್ದು ಹೊರಗಿನ ದುಡ್ಡಿನ ಅಂಗಡಿಯಿಂದ. ಒಂದು ಕಿಲೊ ಹಿಟ್ಟಿಗೆ ಚೀಟಿಯ ಬೆಲೆ ಏರುತ್ತಲೇ ಹೋಯಿತು. ಅದರ ಮೇಲೆ ಖೋಟಾ ಚೀಟಿಗಳೂ ಬಂದವು. 2002 ಮುಗಿಯುವಷ್ಟರಲ್ಲಿ ಜನ ಚೆಲ್ಲಾಪಿಲ್ಲಿಯಾಗಿ ಹೋದರು.

ನಮ್ಮ ಹಳೇ ಮೈಸೂರು ಸೀಮೆಯಲ್ಲಿ 1876ರಿಂದ 78ರವರೆಗಿನ ಬರವನ್ನು ಹಿರಿಯರು ಧಾತು ಈಶ್ವರದ ಬರ ಎಂದು ಸಂವತ್ಸರದ ಹೆಸರಿನಿಂದಲೇ ಕರೆಯುತ್ತಿದ್ದರು. ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿಯಿತು. ಒಡವೆ, ಕಂಚಿನ ಪಾತ್ರೆ, ಉಳುವ ಎತ್ತು ಎಲ್ಲ ಒಟ್ಟಿಗೆ ಸಂತೆಗೆ ಬಂದವು. ಕೊಳ್ಳುವವನಿಗೆ ಆಗ ಬೇಕಿದ್ದದ್ದು ಅವಲ್ಲ. ಕಾಳು ಇದ್ದವನು ಹೇಳಿದ್ದೇ ಬೆಲೆ. ಅಮ್ಮಂದಿರು ಕಷ್ಟಕ್ಕಿರಲಿ ಎಂದು ಒಡವೆ ಮಾಡಿಸಿಡುತ್ತಾರೆ, ನಿಜ. ಒಂದು ಮನೆಗೆ ಬಂದ ಕಷ್ಟಕ್ಕೆ ಅದು ಆದೀತು. ಊರಿಗೇ ಬಂದ ಕಷ್ಟದಲ್ಲಿ ಎಲ್ಲರ ಬಳೆಯೂ ಒಂದೇ ತಕ್ಕಡಿಗೆ ಬೀಳುತ್ತದೆ.

ಇನ್ನು ಸಾರಾಯೇವೊ. 1992ರ ಏಪ್ರಿಲಿನಿಂದ 1996ರ ಫೆಬ್ರವರಿವರೆಗೆ, 1,425 ದಿನ ಮುತ್ತಿಗೆಯಲ್ಲಿದ್ದ ಊರು. ಬೀದಿಯ ಮರಗಳನ್ನು ಕಡಿದು ಒಲೆಗೆ ಹಾಕಿದರು, ಆಮೇಲೆ ಮೇಜು ಕುರ್ಚಿ, ಆಮೇಲೆ ಪುಸ್ತಕ. ನೀರಿಗೆ ಬಿಯರ್ ಕಾರ್ಖಾನೆಯ ಮುಂದೆ ಸಾಲು, ಏಕೆಂದರೆ ಅದರ ಕೆಳಗೆ ಒರತೆ ಇತ್ತು. ಅಲ್ಲೂ ಸಿಗರೇಟೇ ಚಿಲ್ಲರೆ. ಆದರೆ ಆ ಸಿಗರೇಟು ಯಾರ ನೆಲಮಾಳಿಗೆಯಿಂದಲೂ ಬಂದದ್ದಲ್ಲ. ಊರಿನ ತಂಬಾಕು ಕಾರ್ಖಾನೆ ಮುತ್ತಿಗೆಯುದ್ದಕ್ಕೂ ಉಸಿರು ಹಿಡಿದು ನಡೆಯಿತು. ಸಂಬಳವನ್ನೂ ಸಿಗರೇಟಿನಲ್ಲಿ ಕೊಟ್ಟರು. ಪೊಟ್ಟಣಕ್ಕೆ ಕಾಗದ ಮುಗಿದಾಗ ಹಳೇ ಪುಸ್ತಕದ ಹಾಳೆಗಳಲ್ಲೇ ಸುತ್ತಿದರು. ದಿನವೂ ಹೊಸದು ಬರುತ್ತಿದ್ದರಿಂದ ಅದು ನಾಣ್ಯವಾಗಿ ನಿಂತಿತು. ಕೂಡಿಟ್ಟದ್ದು ಒಂದು ದಿನ ಮುಗಿಯುತ್ತದೆ. ಮುಗಿಯುವುದಕ್ಕೂ ಮುಂಚೆ, ಅದು ಇದೆಯೆಂಬ ಸುದ್ದಿ ಹೊರಬೀಳುತ್ತದೆ. ತಿನ್ನಲು ಇಟ್ಟುಕೊಂಡವನು ಬಾಗಿಲು ಹಾಕಿಕೊಂಡು ತಿನ್ನಬಹುದು. ಮಾರಲು ಇಟ್ಟವನು ಬಾಗಿಲು ತೆರೆದು, ನನ್ನಲ್ಲಿದೆ ಬನ್ನಿ ಎನ್ನಲೇಬೇಕು. ಹಸಿದ ಊರಿನಲ್ಲಿ ಆ ಮಾತನ್ನು ಹೇಳುವ ಧೈರ್ಯ ನನಗಂತೂ ಇಲ್ಲ. ಪೊಲೀಸರೂ ಇಲ್ಲದ ಕಾಲವನ್ನಲ್ಲವೇ ಅವನು ಊಹಿಸುತ್ತಿರುವುದು!

ಕೇಡುಗಾಲ ಕಳೆದು ಒಳ್ಳೆಯ ದಿನ ಬಂದರೂ ಈ ವ್ಯಾಪಾರಿಗೆ ಪೆಟ್ಟೇ. ಯುದ್ಧ ಮುಗಿದ ಜರ್ಮನಿಯಲ್ಲಿ ಪೇಟೆಯವರು ಗಡಿಯಾರ, ಹಾಸಿಗೆ ಬಟ್ಟೆ, ಕಂಬಳಿ ಹೊತ್ತು, ತುಂಬಿದ ರೈಲಿಗೆ ಜೋತುಬಿದ್ದು ಹಳ್ಳಿಗೆ ಹೋಗಿ ಆಲೂಗಡ್ಡೆ ತರುತ್ತಿದ್ದರು. ಕೆನ್ನೆಯ ಚೀಲದಲ್ಲಿ ಕಾಳು ತುಂಬಿಕೊಳ್ಳುವ ಒಂದು ಇಲಿಯ ಹೆಸರು ಆ ಓಡಾಟಕ್ಕೆ. ರೈತನ ಮನೆಯ ದನದ ಕೊಟ್ಟಿಗೆಗೆ ಬಿಟ್ಟರೆ ಇನ್ನೆಲ್ಲಕ್ಕೂ ಪರ್ಷಿಯಾದ ರತ್ನಗಂಬಳಿ ಹಾಸಿದೆ ಎಂದು ಗೇಲಿ ಹುಟ್ಟಿತ್ತು. ಅಮೆರಿಕದ ಸಿಗರೇಟು ಅಲ್ಲಿ ಮೂರು ವರ್ಷ ರಾಜ್ಯವಾಳಿತು. 1948ರ ಜೂನ್ 20, ಭಾನುವಾರ, ಹೊಸ ಮಾರ್ಕ್ ನಾಣ್ಯ ಬಂತು. ಮೊದಲಿಗೆ ತಲೆಗೆ 40 ಮಾರ್ಕ್. ಸೋಮವಾರ ಬೆಳಿಗ್ಗೆ ಅಂಗಡಿಗಳ ಗಾಜಿನ ಹಿಂದೆ, ಎಲ್ಲಿ ಅಡಗಿತ್ತೋ, ಬಾಣಲೆ ಚಪ್ಪಲಿ ಎಲ್ಲ ಕೂತಿದ್ದವು. ಸಿಗರೇಟು ಮತ್ತೆ ಸುಮ್ಮನೆ ಸೇದುವ ವಸ್ತುವಾಯಿತು.

ಜಿಂಬಾಬ್ವೆಯ ಕತೆ ಇನ್ನೂ ಮಜಾ. 2009ರ ಜನವರಿಯಲ್ಲಿ 100 ಟ್ರಿಲಿಯನ್ ಡಾಲರಿನ ಒಂದೇ ನೋಟು ಅಚ್ಚು ಹಾಕಿದರು. ಒಂದರ ಮುಂದೆ 14 ಸೊನ್ನೆ. ಅದೇ ವರ್ಷ ಆ ನಾಣ್ಯವನ್ನೇ ಬಿಟ್ಟು ಅಮೆರಿಕದ ಡಾಲರು ಬಳಸತೊಡಗಿದರು. ನೋಟು ಬಂತು, ಚಿಲ್ಲರೆ ಬರಲಿಲ್ಲ. ಅಂಗಡಿಯವರು ಚಿಲ್ಲರೆಗೆ ಮಿಠಾಯಿ, ಪೆನ್ನು ಕೊಡಲಾರಂಭಿಸಿದರು. ನಮಗೆ ಇದು ಅರ್ಥವಾಗಲು ಜಿಂಬಾಬ್ವೆಗೆ ಹೋಗಬೇಕಿಲ್ಲ. ಎರಡು ರೂಪಾಯಿ ಚಿಲ್ಲರೆಗೆ ಚಾಕಲೇಟು ಕೊಡುವ ಕಿರಾಣಿ ಅಂಗಡಿ ನಮ್ಮ ಪ್ರತಿ ಬೀದಿಯಲ್ಲೂ ಇತ್ತು. ಒಮ್ಮೆ ನಾನು ಹಟಕ್ಕೆ ಬಿದ್ದು, ಹತ್ತು ಚಾಕಲೇಟು ಕೂಡಿಸಿ ಅದೇ ಅಂಗಡಿಗೆ ಹೋಗಿ, "ತಗೊಳ್ಳಿ ಸ್ವಾಮಿ, ಒಂದು ಸೋಪು ಕೊಡಿ" ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. "ಏನ್ ಸಾರ್, ತಮಾಷೆ ಮಾಡ್ತೀರಾ? ಕರಗಿಹೋಗಿದೆ ಇದು" ಎಂದರು. ಕೊಡುವಾಗ ನಾಣ್ಯ, ತಗೊಳ್ಳುವಾಗ ಮಿಠಾಯಿ. ಅಂಗಡಿ ಅವರದು, ಕಟ್ಟಳೆಯೂ ಅವರದೇ.

ದುಡ್ಡು ಹುಟ್ಟುವ ಮುಂಚೆ ಜನ ಕುರಿಗೆ ಕೊಡಲಿ, ಕೊಡಲಿಗೆ ಅಕ್ಕಿ ಎಂದು ಚೌಕಾಸಿ ಮಾಡಿ ಬದುಕುತ್ತಿದ್ದರೆಂದು ಶಾಲೆಯಲ್ಲಿ ಓದಿದ್ದೇವೆ. ಮಾನವಶಾಸ್ತ್ರಜ್ಞೆ ಕೆರೊಲಿನ್ ಹಂಫ್ರಿ 1985ರಲ್ಲೇ, ಬರೀ ಸಾಟಿ ವ್ಯಾಪಾರದ ಮೇಲೆ ನಿಂತ ಸಮಾಜವನ್ನು ಯಾರೂ ಕಂಡು ಬರೆದದ್ದಿಲ್ಲ ಎಂದು ತೋರಿಸಿದರು. ಇನ್ನೊಬ್ಬ ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ ಸಾಲದ ಚರಿತ್ರೆಯ ಬಗ್ಗೆ ಬರೆದ 2011ರ ಪುಸ್ತಕದಲ್ಲಿ ಅದನ್ನೇ ಬೆಳೆಸಿದರು. ಪರಿಚಯದವರ ನಡುವೆ ನಡೆಯುತ್ತಿದ್ದದ್ದು ಕಡ, ಮುಯ್ಯಿ, ಬಾಕಿ. ನಮ್ಮ ಹಳ್ಳಿಗಳ ಆಯದ ಪದ್ಧತಿಯೂ ಹಾಗೆಯೇ: ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ವರ್ಷವಿಡೀ ದುಡಿದು, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಒಯ್ಯುತ್ತಿದ್ದರು. ಇದನ್ನು ಚಿನ್ನದ ಕಾಲ ಎಂದು ಹಾಡುವವನಲ್ಲ ನಾನು. ಮೊರ ಎಷ್ಟು ತುಂಬಬೇಕು ಎಂದು ನಿರ್ಧರಿಸುತ್ತಿದ್ದವನು ಹೊಲದ ಯಜಮಾನ. ಬಾಗಿಲ ಹೊರಗೆ ನಿಂತವನಿಗೆ ಚೌಕಾಸಿಯ ಬಾಯಿ ಇರಲಿಲ್ಲ. ದುಡ್ಡು ಕೈಗೆ ಬಂದದ್ದು ಎಷ್ಟೋ ಜನಕ್ಕೆ ಬಿಡುಗಡೆಯೇ ಆಯಿತು. ನಮ್ಮ ಹುಡುಗ ವಾಪಸು ಹೋಗಲು ತಯಾರಾಗುತ್ತಿರುವ ಊರು ಎಂಥದ್ದೆಂದು ಅವನಿಗೆ ಯಾರಾದರೂ ಹೇಳಬೇಕಲ್ಲ.

ಗಾಳಿಸುದ್ದಿಯ ಭಯವೂ ಬೇರೆ. 2016ರ ನವೆಂಬರಿನಲ್ಲಿ, ನೋಟು ರದ್ದಾದ ಮೂರೇ ದಿನಕ್ಕೆ, ಉಪ್ಪು ಮುಗಿಯುತ್ತಿದೆಯೆಂದು ಉತ್ತರ ಪ್ರದೇಶ, ದೆಹಲಿಯ ಕಡೆ ಸುದ್ದಿ ಹಬ್ಬಿ ಜನ ಕಿಲೊ ಉಪ್ಪಿಗೆ ನೂರಾರು ರೂಪಾಯಿ ಕೊಟ್ಟರು. ಮೂರು ಕಡೆ ಸಮುದ್ರವಿರುವ ದೇಶದಲ್ಲಿ!

ಮುಂದಿನ ಸಲ ಅವನು ಕರೆ ಮಾಡಿದಾಗ ಇಷ್ಟನ್ನೂ ಹೇಳಿದೆ. ಒಂದು ತಿಂಗಳಿಗೆ ಆಗುವಷ್ಟು ಅಕ್ಕಿ, ಬೇಳೆ, ನೀರು, ನೀವು ತಿನ್ನುವ ಮಾತ್ರೆ ಇಟ್ಟುಕೊಳ್ಳಿ. ಹೊಸದು ತಂದ ಹಾಗೆ ಹಳೆಯದನ್ನು ತಿಂದು ಖಾಲಿ ಮಾಡಿ. ಸಣ್ಣ ನೋಟು ಒಂದಿಷ್ಟಿರಲಿ. ವಿಸ್ಕಿ ಯಾರಿಗಾದರೂ ಕೊಟ್ಟುಬಿಡು. ಅವನು ಸುಮ್ಮನೆ ಕೇಳಿಸಿಕೊಂಡ. ವಿಸ್ಕಿ ಬಗ್ಗೆ ಏನೂ ಹೇಳಲಿಲ್ಲ.

ಜನವರಿಯಲ್ಲಿ ಅವನೇ ಕರೆ ಮಾಡಿದ. ಅವನೂರಿನಲ್ಲಿ ಮೊಣಕಾಲುದ್ದ ಹಿಮ. ಮನೆ ಮುಂದಿನ ಕಾರಿನ ದಾರಿ ಗಾಜಿನ ಹಾಗೆ ಜಾರುತ್ತಿತ್ತಂತೆ. ಅಂಥ ಕಡೆ ಉಪ್ಪು ಚೆಲ್ಲಿದರೆ ಮಂಜುಗಡ್ಡೆ ಕರಗುತ್ತದೆ. ಅಂಗಡಿಯಲ್ಲಿ ಉಪ್ಪು ಖಾಲಿ. ಇವನು ನೆಲಮಾಳಿಗೆಯಿಂದ ಎರಡು ಚೀಲ ತಂದು ಚೆಲ್ಲುತ್ತಿದ್ದಾಗ ಎದುರು ಮನೆಯ ಮುದುಕರು ಕೋಲೂರಿಕೊಂಡು ಹೊಸ್ತಿಲಿಗೆ ಬಂದು ನಿಂತರು. 15 ವರ್ಷದಲ್ಲಿ ಇವರಿಬ್ಬರೂ ಕೈಯೆತ್ತಿ ನಮಸ್ಕಾರ ಮಾಡಿದ್ದು ಬಿಟ್ಟರೆ ಮಾತಾಡಿದ್ದಿಲ್ಲ. ಅವರ ಮೆಟ್ಟಿಲಿಗೂ ಒಂದು ಚೀಲ ಸುರಿದು ಬಂದ.

"ಆಮೇಲೇನಾಯ್ತೋ?" ಎಂದೆ.

"ಬೆಳಿಗ್ಗೆ ಎದ್ದು ನೋಡ್ತೀನಿ ಮಾವ, ಅವರ ಮಗ ಮೆಷಿನ್ ತಂದು ನಮ್ಮ ದಾರಿಯ ಹಿಮವನ್ನೆಲ್ಲ ತೆಗೆದು ಹೋಗಿದ್ದಾನೆ. ನಾನು ಕೇಳೇ ಇರಲಿಲ್ಲ."

"ಸರಿಹೋಯ್ತಲ್ಲ ಲೆಕ್ಕ."

"ಎಲ್ಲಿ ಸರಿಹೋಯ್ತು? ಅವನು ಕೆಲಸ ಮಾಡಿದ್ದು ಒಂದು ಗಂಟೆಗೂ ಜಾಸ್ತಿ. ನಾನು ಕೊಟ್ಟಿದ್ದು ಒಂದು ಚೀಲ ಉಪ್ಪು. ಅದಕ್ಕೇ ಇವಳು ಈಗ ಅವರ ಮನೆಗೆ ಚಕ್ಕುಲಿ ಕರೀತಿದ್ದಾಳೆ. ಅವರು ಖಾರ ತಿಂತಾರೋ ಇಲ್ವೋ ಗೊತ್ತಿಲ್ಲ, ಮಾವ. ಸ್ವಲ್ಪ ಅಮ್ಮನಿಗೆ ಕೊಡಿ ಫೋನು, ಅಚ್ಚಿಗೆ ಹಿಟ್ಟು ಅಂಟ್ತಿದೆಯಂತೆ."